ಮೊರ್ಯರ ಗುಡ್ಡದಿಂದ ಉತ್ತಂಗಿಯವರೆಗೆ

ಹಿರೇಬೆಣಕಲ್ಲಿನ ಗುಡ್ಡವನ್ನು ಬೆಳಗಿನ ತಂಪು ಹೊತ್ತಿನಲ್ಲೇ ಹತ್ತಬೇಕು. ಗಂಗಾವತಿ ಸೀಮೆಯ ಬಿಸಿಲು ಏರಿತೆಂದರೆ ಬಂಡೆ ಹಂಚಿನಂತೆ ಕಾಯುತ್ತದೆ. ಗುಂಡುಗಳ ಸಂದಿಯಲ್ಲಿ, ಮುಳ್ಳುಕಂಟಿ ಸರಿಸಿಕೊಂಡು ಏರಿ, ಮೇಲೆ ನಿಂತು ಉಸಿರು ತಿರುಗಿಸಿಕೊಂಡೆ. ಕಣ್ಣು ಹಾಯಿಸಿದಷ್ಟೂ ಕಲ್ಲಿನ ಊರು. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಕೆಲವು ಆಳೆತ್ತರಕ್ಕೂ ಮೀರಿವೆ, ಕೆಲವು ಮಂಡಿಯೆತ್ತರ. ಕೆಲವುಗಳ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ.

ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜನೊಬ್ಬ ಮಾತಿಗೆ ಸಿಕ್ಕ. "ಇವು ಮೊರ್ಯಾರ ಮನಿ ರೀ. ಕುಳ್ಳ ಮಂದಿ ಇದ್ರಂತ, ಅವ್ರ ಕಟ್ಕೊಂಡದ್ದು. ಓದಿದವ್ರು ಬಂದು ಸಮಾಧಿ ಅಂತಾರ."

ಓದಿದವರು ಹೇಳುವುದು ಹೀಗೆ: ಇವು ಕ್ರಿಸ್ತಪೂರ್ವ 800ರಿಂದ 200ರ ನಡುವಿನ ಬೃಹತ್ ಶಿಲಾ ಸಮಾಧಿಗಳು, ಎಲ್ಲ ಸೇರಿ 400ರಷ್ಟಿವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಆ ಜನರ ಗುಡಿಸಲುಗಳೆಲ್ಲ ಮಣ್ಣುಗೂಡಿದವು. ಸತ್ತವರಿಗೆಂದು ಕಟ್ಟಿದ್ದು ಮಾತ್ರ ಗಾಳಿ ಮಳೆಗೆ ಜಗ್ಗದೆ ನಿಂತಿದೆ. ಯಾವ ಕಲ್ಲಿನ ಮೇಲೂ ಒಂದು ಹೆಸರಿಲ್ಲ.

ಒಂದು ಕಿಂಡಿಯಲ್ಲಿ ತಲೆ ಹಾಕಿ ನೋಡಿದೆ. ಒಳಗೆ ತಂಪು, ತರಗೆಲೆ, ಹಿಕ್ಕೆಯ ವಾಸನೆ. ಮೂಲೆಯಲ್ಲೊಂದು ಹಲ್ಲಿ ಕದಲದೆ ಕೂತಿತ್ತು. ಮುಟ್ಟಿದರೆ ಕಿಂಡಿಯ ಅಂಚು ನುಣುಪು. ದಪ್ಪ ಬಂಡೆಯನ್ನು ಹೀಗೆ ದುಂಡಗೆ ಕೊರೆಯಲು ಎಷ್ಟು ದಿನ ಬೇಕಾಯಿತೋ! ತಮ್ಮ ಪ್ರೀತಿಯವರು ಹೋದ ದಾರಿಗೆ ಪೂರ್ತಿ ಕದ ಹಾಕಲು ಆ ಕೈಗಳಿಗೆ ಮನಸ್ಸಾಗಲಿಲ್ಲವೇನೋ ಅನ್ನಿಸಿತು. ಇದು ಸಂಶೋಧಕರ ಮಾತಲ್ಲ, ನನ್ನದು.

ನಾನು ಕ್ರೈಸ್ತ. ಪ್ರತಿ ವರ್ಷ ಬೂದಿ ಬುಧವಾರದಂದು ಗುರುಗಳು ಹಣೆಗೆ ಬೂದಿಯ ಶಿಲುಬೆ ಬರೆದು, ನೀನು ಮಣ್ಣಿನವನು ಎಂದು ನೆನಪಿಸುತ್ತಾರೆ. ಅಲ್ಲಿಂದ ನಲವತ್ತು ದಿನಗಳ ತಪಸ್ಸುಕಾಲ ಕಳೆದರೆ ಈಸ್ಟರ್. ಬಂಡೆಯಲ್ಲಿ ಕೊರೆದ ಸಮಾಧಿ, ಅದರ ಬಾಯಿಗೆ ಉರುಳಿಸಿದ್ದ ದೊಡ್ಡ ಕಲ್ಲು, ಮುಂಜಾನೆ ಬಂದ ಹೆಂಗಸರಿಗೆ ಆ ಕಲ್ಲು ಸರಿದು ಕಂಡದ್ದು: ನಮ್ಮ ನಂಬಿಕೆಯೆಲ್ಲ ನಿಂತಿರುವುದು ಅಲ್ಲಿ. ಹಾಗೆಂದು ಸಾವಿನ ಭಯ ನನಗಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಸರಿದ ಕಲ್ಲನ್ನು ನಂಬಿದ ಮೇಲೆ ಸತ್ತ ನಂತರದ ಚಿಂತೆ ದೇವರ ಪಾಲಿಗೆ ಹೋಗುತ್ತದೆ. ಇರುವ ದಿನಗಳನ್ನು ಯಾರಿಗೆ ಕೊಡಲಿ ಎಂಬ ಚಿಂತೆಯಷ್ಟೇ ನನ್ನ ಪಾಲಿಗೆ ಉಳಿಯುತ್ತದೆ.

ಅದನ್ನೇ ತಲೆಯಲ್ಲಿಟ್ಟುಕೊಂಡು ಕೊಪ್ಪಳಕ್ಕೆ ಬಂದೆ. ಕೊಪಣವೆಂಬ ಹಳೆಯ ಜೈನ ತೀರ್ಥ ಇದು. ಉಪವಾಸದ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ನೆನಪಿನ ಶಾಸನಗಳು ಇಲ್ಲಿ ದೊರೆತಿವೆ. ಪಾಲ್ಕಿಗುಂಡಿನ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬಂಡೆಯ ಮೇಲಿನ ಒಂದು ಜೊತೆ ಪಾದ. 'ವರಾಂಗಚರಿತ'ದ ಕವಿ ಜಟಾಸಿಂಹನಂದಿಯ ಪಾದಗಳಿವು, ಚಾವಯ್ಯ ಮಾಡಿಸಿದ್ದು ಎಂದು ಹಳೆಗನ್ನಡದ ಎರಡು ಸಾಲು ಹೇಳುತ್ತವೆ. ಸಾವನ್ನು ತಾನೇ ಎದುರುಗೊಳ್ಳುವ ಸಲ್ಲೇಖನದ ಹಾದಿ ನನ್ನ ಧರ್ಮದ್ದಲ್ಲ. ಆದರೂ ಚಪ್ಪಲಿ ಕಳಚಿಟ್ಟು ಕೈಮುಗಿದೆ.

ಮುಂಡರಗಿಯ ಮೇಲೆ ಹಾದು, ತುಂಗಭದ್ರೆ ದಾಟಿ, ಮಲ್ಲಿಗೆಯ ಹಡಗಲಿ ಸೀಮೆಗೆ ಹೋದದ್ದು ಉತ್ತಂಗಿಯನ್ನು ನೋಡಲಿಕ್ಕೆ. ನೋಡುವಂಥ ದೊಡ್ಡ ಗುಡಿ ಗೋಪುರ ಅರಸಿ ಹೋದದ್ದಲ್ಲ. ರೆವರೆಂಡ್ ಉತ್ತಂಗಿ ಚನ್ನಪ್ಪನವರ ಮನೆತನಕ್ಕೆ ಹೆಸರು ಕೊಟ್ಟ ಊರಿದು. ನನಗೆ ಅಷ್ಟೇ ಸಾಕಿತ್ತು.

1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿಯಾದರು. ಕ್ರಿಸ್ತನ ಕರೆಗೆ ಓಗೊಟ್ಟ ಮನುಷ್ಯ ಕನ್ನಡದ ಹಳ್ಳಿಹಳ್ಳಿ ತಿರುಗಿ ಕೂಡಿಸಿದ್ದು ಸರ್ವಜ್ಞನನ್ನು! ಓಲೆಗರಿಯಲ್ಲಿದ್ದದ್ದು, ಕಟ್ಟೆ ಹೊಲಗಳಲ್ಲಿ ಜನರ ಬಾಯಲ್ಲಿದ್ದದ್ದು, ಎಲ್ಲವನ್ನೂ ಹೆಕ್ಕಿ ತಂದು, ಪಾಠ ನೋಡಿ, 1924ರಲ್ಲಿ ಸುಮಾರು 2000 ತ್ರಿಪದಿಗಳನ್ನು ಅಚ್ಚು ಹಾಕಿಸಿದರು. ಮುಂದೆ ಶರಣರ ವಚನಗಳಿಗೂ ಅಷ್ಟೇ ಭಕ್ತಿಯಿಂದ ದುಡಿದರು. ತಮ್ಮನ್ನು ಕರೆದುಕೊಂಡದ್ದು ತಿರುಳ್ಗನ್ನಡದ ತಿರುಕನೆಂದು. 1949ರಲ್ಲಿ, ನಿಜಾಮನ ಆಳ್ವಿಕೆ ಕೊನೆಗೊಂಡ ಮರುವರ್ಷ, ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಮ್ಮ ಕೊಪ್ಪಳವೂ ನಿಜಾಮನ ಸಂಸ್ಥಾನದಲ್ಲೇ ಇತ್ತು. ಚನ್ನಪ್ಪನವರು 1962ರಲ್ಲಿ ತೀರಿಕೊಂಡರು.

ಪಾದ್ರಿಯೊಬ್ಬರು ತಮ್ಮ ಆಯುಷ್ಯವನ್ನು ಸರ್ವಜ್ಞನ ಮಾತಿಗೆ ಸವೆಸಿದ್ದು ಸಭೆಯ ಕೆಲಸಕ್ಕೆ ಹೊರತೇ ಎಂದು ನನ್ನನ್ನು ಕೇಳಿದವರಿದ್ದಾರೆ. ನನ್ನ ಉತ್ತರ ಸ್ಪಷ್ಟ: ನೆರೆಯವನನ್ನು ಪ್ರೀತಿಸು ಎಂಬುದನ್ನು ಅವರು ಪೂರ್ತಿಯಾಗಿ ಪಾಲಿಸಿದರು. ನೆರೆಯವನ ಹೊಲ, ಮನೆಯಷ್ಟೇ ಅಲ್ಲ, ಅವನ ಅಜ್ಜ ಮುತ್ತಜ್ಜರ ಮಾತೂ ಅಳಿಯಬಾರದೆಂದು ಬಗೆದರು. ನಮ್ಮ ಸೀಮೆಯಲ್ಲಿ ಕ್ರೈಸ್ತ ಬದುಕಿನ ಗುರಿ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇವರನ್ನೇ.

ನಿಮ್ಮ ಊರಿನ ಗ್ರಂಥಾಲಯದಲ್ಲಿ ಸರ್ವಜ್ಞನ ವಚನಗಳ ಪುಸ್ತಕ ಇದ್ದೇ ಇರುತ್ತದೆ. ಮುಂದಿನ ಸಲ ಕೈಗೆತ್ತಿಕೊಂಡಾಗ ಮುನ್ನುಡಿಯನ್ನು ಹಾರಿಸಬೇಡಿ. ಚನ್ನಪ್ಪನವರ ಹೆಸರನ್ನು ಅಲ್ಲಿ ಹುಡುಕಿ ಓದಿ.