ಗಲ್ಲಾಪೆಟ್ಟಿಗೆ ಇಲ್ಲದ ಊಟದ ಮನೆ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕೋಟೆ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಬೆಟ್ಟದ ನೆತ್ತಿ ಮುಟ್ಟಿದವರಿಗೆ ಸುತ್ತ ಕಾಣುವುದು ಬಂಡೆ, ಕುರುಚಲು ಕಾಡು, ನಡುನಡುವೆ ಹೊಲ. ಮಳೆ ನಂಬಿದ ರಾಗಿಯ ಸೀಮೆ ಇದು. ಈ ಕಡೆಯ ಹಳ್ಳಿಯ ಹುಡುಗ ಊರಿನ ಶಾಲೆ ಮುಗಿಸಿ ತುಮಕೂರಿನಲ್ಲಿ ಓದುತ್ತೇನೆ ಎಂದರೆ ಮನೆಯಲ್ಲಿ ಮೊದಲು ಏಳುತ್ತಿದ್ದ ಪ್ರಶ್ನೆ ಫೀಸಿನದಲ್ಲ; ‘ಊಟಕ್ಕೇನೋ ಮಾಡ್ತೀಯ?’ ಎಂಬುದು. ಪುಸ್ತಕ ಅರ್ಧ ಬೆಲೆಗೆ ಸಿಕ್ಕೀತು, ಅಣ್ಣನ ಅಂಗಿ ತಮ್ಮನಿಗೆ ಆದೀತು. ಹಸಿವಿಗೆ ಮಾತ್ರ ನಾಳೆ ಬಾ ಎಂದು ಹೇಳುವಂತಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ಇದಕ್ಕೆ ವಾರಾನ್ನವೆಂಬ ಉಪಾಯವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮನೆಯವರು ಬೀಗ ಹಾಕಿ ಊರಿಗೆ ಹೋಗಿದ್ದರೆ ಅಂದು ನೀರೇ ಗತಿ. ಅದೂ ಎಲ್ಲ ಜಾತಿಯ ಹುಡುಗರಿಗೆ ಎಲ್ಲ ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ.

ತುಮಕೂರಿನಿಂದ ಬೆಂಗಳೂರಿನ ಕಡೆ ಹೊರಟರೆ ಮೊದಲು ಸಿಗುವುದು ಕ್ಯಾತ್ಸಂದ್ರ. ತಟ್ಟೆ ಇಡ್ಲಿಗೆ ಹೆಸರಾದ ಊರು. ತಟ್ಟೆಯಗಲದ ಇಡ್ಲಿಯ ಮೇಲೆ ಕರಗುವ ಬೆಣ್ಣೆಗಾಗಿ ಬಸ್ಸು ಇಳಿದು ಬರುವ ಕಾಲೇಜು ಹುಡುಗರಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಈ ಹೋಟೆಲುಗಳಿಗಿಂತ ಬಹಳ ಹಳೆಯದಾದ, ವಿದ್ಯಾರ್ಥಿಗಳೇ ತುಂಬಿರುವ ಊಟದ ಮನೆಯೊಂದು ಇಲ್ಲೇ ಪಕ್ಕದ ಬೆಟ್ಟದ ಬುಡದಲ್ಲಿದೆ. ಅಲ್ಲಿ ಗಲ್ಲಾಪೆಟ್ಟಿಗೆ ಇಲ್ಲ, ಬಿಲ್ಲೂ ಇಲ್ಲ. ಅದು ಸಿದ್ಧಗಂಗಾ ಮಠದ ದಾಸೋಹ.

ಹಿಂದಿನ ಗುರುಗಳು ಹಚ್ಚಿದ ಇಲ್ಲಿನ ಒಲೆ ಆರಿಯೇ ಇಲ್ಲ ಎಂಬುದು ಭಕ್ತರ ನಂಬಿಕೆ. ನಂಬಿಕೆಯ ಮಾತು ಹಾಗಿರಲಿ, ಲೆಕ್ಕವನ್ನೇ ನೋಡೋಣ. ಉಚಿತ ಊಟ, ವಸತಿ, ಶಿಕ್ಷಣ ಪಡೆಯುವ ಮಕ್ಕಳು ಸುಮಾರು 10,000. ತಲೆಗೆ 100 ಗ್ರಾಂ ರಾಗಿ ಹಿಟ್ಟು ಎಂದು ಹಿಡಿದರೂ ಒಂದು ಹೊತ್ತಿನ ಮುದ್ದೆಗೆ 10 ಕ್ವಿಂಟಲ್ ಬೇಕು. ಅದರ ಮೇಲೆ ಅನ್ನ, ಸಾರು. ಮಠಕ್ಕೆ ಬರುವ ರೈತರು ಬರಿಗೈಲಿ ಬರುವುದಿಲ್ಲ ಎಂಬುದರ ಅರ್ಥ ಈ ಲೆಕ್ಕ ಹಾಕಿದ ಮೇಲೆ ಚೆನ್ನಾಗಿ ತಿಳಿಯುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿನ ಅಡುಗೆಮನೆಯನ್ನು ಒಮ್ಮೆ ನೋಡಬೇಕು. ಮನೆಯ ಪಾತ್ರೆಯ ಸಾರು ಬಡಿಸುವಷ್ಟರಲ್ಲೇ ಆರುತ್ತದೆ. ದೊಡ್ಡ ಕೊಪ್ಪರಿಗೆಯ ಸಾರು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಪಾತ್ರೆಯ ಉದ್ದ, ಅಗಲ, ಎತ್ತರ ಎರಡೆರಡು ಪಟ್ಟಾದರೆ ಒಳಗಿನ ಸಾರು ಎಂಟು ಪಟ್ಟಾಗುತ್ತದೆ. ಶಾಖವನ್ನು ಹೊರಬಿಡುವ ಮೈ ಮಾತ್ರ ನಾಲ್ಕೇ ಪಟ್ಟು. ಹಾಗೆಂದು ಕೆಲಸ ಸುಲಭವೆಂದಲ್ಲ, ಒಲೆಯ ಶಾಖ ತಳದಲ್ಲೇ ನಿಂತರೆ ತಳ ಹಿಡಿಯುತ್ತದೆ, ಕೈಬಿಡದೆ ತಿರುವುತ್ತಿರಬೇಕು. ಇನ್ನು ರಾಗಿಯ ವಿಷಯ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಬೆಳೆಯುವ ಮಕ್ಕಳ ಮೂಳೆಗೆ ಮುದ್ದೆ ಒಳ್ಳೆಯ ಆಹಾರ. ಮುದ್ದೆ ಕಂಡರೆ ಮೂಗು ಮುರಿಯುವ ಪೇಟೆಯ ಮಕ್ಕಳ ತಾಯಂದಿರು ಇದನ್ನು ಗಮನಿಸಬಹುದು!

ಈ ಒಲೆಯನ್ನು ಇಷ್ಟು ದೊಡ್ಡದು ಮಾಡಿದವರು ಶಿವಕುಮಾರ ಸ್ವಾಮೀಜಿ. 1907ರಲ್ಲಿ ಅವರು ಹುಟ್ಟಿದ ವೀರಾಪುರ ಇರುವುದು ಹುತ್ರಿದುರ್ಗಕ್ಕೆ ನೆರೆಯ ಮಾಗಡಿ ತಾಲ್ಲೂಕಿನಲ್ಲಿ. ತುಮಕೂರಿನಲ್ಲಿ ಓದುವಾಗ ಕೆಲಕಾಲ ಇದೇ ಮಠದಲ್ಲಿ ಉಳಿದ ವಿದ್ಯಾರ್ಥಿ ಅವರು. 1926ರಲ್ಲಿ ಮೆಟ್ರಿಕ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಭೌತಶಾಸ್ತ್ರ, ಗಣಿತಗಳೂ ಅವರ ವಿಷಯಗಳಾಗಿದ್ದವು. ಪದವಿ ಮುಗಿಯುವ ಮೊದಲೇ, 1930ರಲ್ಲಿ, ಮಠದ ಉತ್ತರಾಧಿಕಾರಿಯಾಗಿ ಕಾವಿ ತೊಟ್ಟರು. ಬರಗಾಲದ ವರ್ಷಗಳಲ್ಲಿ ಜೋಳಿಗೆ ಹಿಡಿದು, ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಧಾನ್ಯ ತಂದರು. ಜಾತಿ ಕೇಳದೆ ಮಕ್ಕಳನ್ನು ಸೇರಿಸಿಕೊಂಡು ಒಂದೇ ಸಾಲಿನಲ್ಲಿ ಕೂರಿಸಿದ್ದು ಅನ್ನ ಹಾಕಿದಷ್ಟೇ ದೊಡ್ಡ ಕೆಲಸ.

ಜೂನ್ ತಿಂಗಳಲ್ಲಿ ಇಲ್ಲಿಗೆ ಬಂದು ನೋಡಬೇಕು. ಟ್ರಂಕು ಹೊತ್ತ ಅಪ್ಪ, ಸೆರಗಿನಿಂದ ಕಣ್ಣೊರೆಸುವ ಅಮ್ಮ, ಇಬ್ಬರ ನಡುವೆ ಹೊಸ ತಟ್ಟೆ ಲೋಟ ಹಿಡಿದ ಹುಡುಗ. ನಸುಕಿನಲ್ಲೇ ಏಳಬೇಕು, ಬಯಲಿನಲ್ಲಿ ಸಾಲಾಗಿ ಕುಳಿತು ಪ್ರಾರ್ಥನೆ ಮಾಡಬೇಕು, ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು. ಮನೆಯ ನೆನಪಾಗಿ ಅಳುವವರೂ ಉಂಟು, ‘ದಿನಾ ಅದೇ ಸಾರಾ?’ ಎಂದು ಗೊಣಗುವವರೂ ಉಂಟು. ಮಕ್ಕಳೆಂದ ಮೇಲೆ ಅದಿಲ್ಲದಿದ್ದರೆ ಹೇಗೆ? ವರ್ಷಗಳ ನಂತರ, ನೌಕರಿ ಸೇರಿ ಹೆಂಡತಿ ಮಕ್ಕಳೊಡನೆ ಬಂದವರು ಅದೇ ಸಾರನ್ನು ಇನ್ನೊಂದು ಸೌಟು ಕೇಳಿ ಹಾಕಿಸಿಕೊಳ್ಳುತ್ತಾರೆ.

2019ರ ಜನವರಿ 21ರಂದು ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ ಸ್ವಾಮೀಜಿ ತೀರಿಕೊಂಡರು. ವಯಸ್ಸು 111. ಮಕ್ಕಳ ಊಟ ಮುಗಿಯುವವರೆಗೆ ಸುದ್ದಿ ತಿಳಿಸಬಾರದೆಂಬುದು ಅವರ ಇಚ್ಛೆಯಾಗಿತ್ತು. ಅಂದು ಮಧ್ಯಾಹ್ನ ಎಂದಿನಂತೆ ಗಂಟೆ ಬಾರಿಸಿತು, ಮಕ್ಕಳು ಸಾಲಾಗಿ ಕುಳಿತು ಉಂಡರು. ಆಮೇಲೆ ಪ್ರಕಟಣೆ ಹೊರಬಿತ್ತು. ಮರುದಿನ ಅಂತಿಮ ದರ್ಶನಕ್ಕೆ ಬಂದ ಲಕ್ಷಾಂತರ ಜನರಿಗೂ ಅಲ್ಲಿ ಊಟವಿತ್ತು.