ಪ್ರೊಸೆಸರ್ರೋ, ಗ್ರಾಫಿಕ್ಸ್ ಕಾರ್ಡೋ? ಆಲಮಟ್ಟಿ ಹೇಳಿದ ಲೆಕ್ಕ

ಆಲಮಟ್ಟಿಗೆ ಹೋದವರು ರಾಕ್ ಗಾರ್ಡನ್ ಸುತ್ತಿ, ಸಂಗೀತ ಕಾರಂಜಿ ನೋಡಿ, ಸೆಲ್ಫಿ ತಗೊಂಡು ಬರ್ತಾರೆ. ಈ ಸಲ ನನ್ನ ಜೊತೆಗಿದ್ದ ಕಾಕಾನ ಮಗನಿಗೆ ಅದ್ಯಾವುದೂ ಬೇಕಿರಲಿಲ್ಲ. "ಅಣ್ಣಾ, ಪ್ರೊಸೆಸರ್ ಬದಲಿ ಮಾಡ್ಲೋ, ಗ್ರಾಫಿಕ್ಸ್ ಕಾರ್ಡ್ ತಗೊಳ್ಲೋ? ಕೈಯಾಗ ಇರೋದು 25 ಸಾವಿರ ಅಷ್ಟ" ಅಂತ ಒಂದೇ ವರಾತ. ಮೊದಲ ನೌಕರಿಯ ಪಗಾರದಲ್ಲಿ ಒಂದು ವರ್ಷ ಉಳಿಸಿದ ದುಡ್ಡು ಅದು.

ಉತ್ತರ ಕಣ್ಣೆದುರಿಗೇ ಇತ್ತು. 1964ರಲ್ಲಿ ಇಲ್ಲಿ ಅಡಿಗಲ್ಲು ಹಾಕಿದ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರೇ ಈ ಜಲಾಶಯಕ್ಕಿದೆ. 519.60 ಮೀಟರ್‌ವರೆಗೆ ತುಂಬಿದರೆ ಸುಮಾರು 123 ಟಿಎಂಸಿ ನೀರು. 26 ಗೇಟು. ವಿದ್ಯುತ್ ಘಟಕದಲ್ಲಿ 55 ಮೆಗಾವ್ಯಾಟಿನ ಐದು, 15 ಮೆಗಾವ್ಯಾಟಿನ ಒಂದು ಯಂತ್ರ, ಒಟ್ಟು 290 ಮೆಗಾವ್ಯಾಟ್.

ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ಕೃಷ್ಣೆ ತುಂಬಿ ಬಂದಾಗ ಆರೂ ಯಂತ್ರ ತಿರುಗಿದರೂ ಸಾಲಲ್ಲ. ಉಳಿದ ನೀರನ್ನು ಗೇಟು ತೆಗೆದು ಬಿಡಬೇಕು. ಆಗ ಯಂತ್ರವೇ ಮಿತಿ. ಬೇಸಿಗೆಯಲ್ಲಿ ಯಂತ್ರಗಳು ಸುಮ್ಮನೆ ನಿಂತಿರ್ತವೆ, ನೀರೇ ಮಿತಿ. ಆಗ ಏಳನೇ ಯಂತ್ರ ತಂದಿಟ್ಟರೆ ಏನು ಬಂತು?

ಕಂಪ್ಯೂಟರ್‌ನಲ್ಲೂ ಹಾಗೇ. ಪ್ರೊಸೆಸರ್ ಪ್ರತಿ ಫ್ರೇಮಿನ ಲೆಕ್ಕ ಮಾಡಿ ಕಳಿಸ್ತದೆ, ಕಾರ್ಡ್ ಚಿತ್ರ ಬಿಡಿಸ್ತದೆ. ಕಾರ್ಡ್ 99 ಪರ್ಸೆಂಟ್ ದುಡೀತಿದ್ರೆ ಕಾರ್ಡೇ ಮಿತಿ. ಅದು ಅರ್ಧ ಖಾಲಿ ಕೂತಿದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆ ನೋಡಬೇಕು. ಸುಲಭ ಪರೀಕ್ಷೆ ಅಂದ್ರೆ ರೆಸಲ್ಯೂಷನ್ ಇಳಿಸೋದು. ಫ್ರೇಮ್ ಏರಿದ್ರೆ ಕಾರ್ಡ್ ಬಿಗಿ, ಏರದಿದ್ರೆ ಪ್ರೊಸೆಸರ್.

ರಾತ್ರಿ ಮನೆಗೆ ಬಂದು ಅವನ ರೈಜನ್ 5 3600, ಜಿಟಿಎಕ್ಸ್ 1650 ಮೇಲೆ ಇದನ್ನೇ ಮಾಡಿದ್ವಿ. ವ್ಯಾಲೊರಂಟ್‌ನಲ್ಲಿ ರೆಸಲ್ಯೂಷನ್ ಇಳಿಸಿದರೂ ಫ್ರೇಮ್ ಕದಲಲಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ 40ರ ಆಸುಪಾಸು ಇದ್ದದ್ದು 60ರ ಹತ್ತಿರ ಹೋಯ್ತು. "ನೋಡು, ಒಂದಕ್ಕ ಮಳೆಗಾಲ, ಒಂದಕ್ಕ ಬೇಸಿಗಿ" ಅಂದೆ.

ಹಾಗಾದ್ರೆ ಯಾವುದು? ಅದನ್ನು ತೀರ್ಮಾನಿಸಿದ್ದು ಮಾನಿಟರ್. ಇಂಡಿ, ಸಿಂದಗಿ ಕಡೆಗೆ ನೀರು ಹೋಗೋದು ಕೆಳಗಿನ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ. ಜಲಾಶಯದಲ್ಲಿ ಎಷ್ಟೇ ಇರಲಿ, ಕಾಲುವೆ ಒಯ್ಯುವಷ್ಟೇ ಹೊಲಕ್ಕೆ ಮುಟ್ಟೋದು. ಅವನ ಮಾನಿಟರ್ 60 ಹರ್ಟ್ಸ್‌ನದು. ವ್ಯಾಲೊರಂಟ್ ಆಗಲೇ ನೂರು ಫ್ರೇಮಿನ ಮೇಲೆ ಓಡ್ತಿತ್ತು. ಹೊಸ ಪ್ರೊಸೆಸರ್ ಹಾಕಿದ್ರೆ ಆ ಪರದೆ ಮೇಲೆ ದೊಡ್ಡ ವ್ಯತ್ಯಾಸ ಕಾಣೋದಿಲ್ಲ. ಅಲ್ಲಿಗೆ ಕಾರ್ಡೇ ಅಂತಾಯ್ತು.

ಆದರೆ 25 ಸಾವಿರವೂ ಕಾರ್ಡಿಗೇ ಅಲ್ಲ. 1650ಕ್ಕೆ 75 ವ್ಯಾಟ್ ಸಾಕಿತ್ತು, ಆರ್‌ಎಕ್ಸ್ 6600ರಂಥದ್ದಕ್ಕೆ 132 ಬೇಕು, ಜೊತೆಗೆ ಬೇರೆ ಪವರ್ ವೈರ್. ಅವನ ಅಗ್ಗದ ಪವರ್ ಸಪ್ಲೈ ನಂಬೋ ಹಂಗಿರಲಿಲ್ಲ, ಅದಕ್ಕೂ ದುಡ್ಡು ಎತ್ತಿಟ್ವಿ. ಪ್ರೊಸೆಸರ್ ಕಾಯಬಹುದು. ಅದೇ ಎಎಮ್4 ಮದರ್‌ಬೋರ್ಡ್‌ಗೆ ಬಯಾಸ್ ಅಪ್‌ಡೇಟ್ ಮಾಡಿದ್ರೆ ಮುಂದೆ ರೈಜನ್ 5000 ಸರಣಿಯದ್ದೂ ಕೂರ್ತದೆ.

ನೀವೂ ಅಂಗಡಿಗೆ ಹೋಗೋ ಮೊದಲು ಒಂದು ಸಂಜೆ ಈ ಪರೀಕ್ಷೆ ಮಾಡಿ. ಖರ್ಚು ಸೊನ್ನೆ. ಹೆಚ್ಚು ಹೊತ್ತು ಆಡೋ ಆಟ ಯಾವುದು, ನಿಮ್ಮ ಮಾನಿಟರ್ ಎಷ್ಟು ತೋರಿಸ್ತದೆ, ಇವೆರಡು ಗೊತ್ತಾದ್ರೆ ಅಂಗಡಿಯವನು ಏನೇ ಹೇಳಿದ್ರೂ ನಿಮ್ಮ ದುಡ್ಡು ಎಲ್ಲಿ ಹೋಗಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರ್ತದೆ.