ಗಾಜಿನ ಮನೆಯ ಆಮೆ

ಆಮೆಯು ತನ್ನ ಮನೆಯನ್ನು ಬೆನ್ನಮೇಲೆ ಹೊತ್ತು ತಿರುಗುವುದೆಂದು ಮಕ್ಕಳಿಗೆ ಹೇಳುವುದುಂಟು. ಮಾತು ಚೆನ್ನಾಗಿದೆ, ಆದರೆ ಅದನ್ನು ಅಕ್ಷರಶಃ ನಂಬಿದವರು ಆ ಪ್ರಾಣಿಗೆ ಬೇರೆ ಮನೆ ಬೇಡವೆಂದೆಣಿಸಿ, ಸಣ್ಣದೊಂದು ಗಾಜಿನ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಹೊಯ್ದು ಅದನ್ನು ಇಟ್ಟುಬಿಡುತ್ತಾರೆ. ಚಿಪ್ಪು ಆಮೆಯ ಮೈಯದೇ ಒಂದು ಭಾಗ; ಬೆನ್ನೆಲುಬೂ ಪಕ್ಕೆಲುಬುಗಳೂ ಹರಡಿ ಒಂದಾಗಿ ಆದ ಕವಚ. ಸೆರೆಯಲ್ಲಿಟ್ಟ ಮೇಲೆ ಅದಕ್ಕೆ ಮನೆಯನ್ನು ನಾವೇ ಕಟ್ಟಿಕೊಡತಕ್ಕದ್ದು.

ಐದು ವರ್ಷಗಳ ಹಿಂದೆ ನಮ್ಮ ನೆರೆಯ ಗೃಹಸ್ಥರೊಬ್ಬರು ದೂರದ ಊರಿಗೆ ವರ್ಗವಾಗಿ ಹೋಗುವಾಗ, ಮಕ್ಕಳ ಆಟಕ್ಕೆಂದು ತಂದಿದ್ದ ಆಮೆಯೊಂದನ್ನು ತೊಟ್ಟಿಯ ಸಮೇತ ನಮ್ಮಲ್ಲಿ ಒಪ್ಪಿಸಿದರು. ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಈ ಹಸುರು ನೀರಾಮೆ ನಮ್ಮ ದೇಶದ್ದಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯದು. ಅಂಗಡಿಯಲ್ಲಿ ಮಾರುವಾಗ ಒಂದಂಗುಲದಷ್ಟಿರುತ್ತದೆ. ಬೆಳೆದ ಹೆಣ್ಣು ಒಂದಡಿಯ ಸಮೀಪಕ್ಕೆ ಬರುತ್ತದೆ. ನಮ್ಮ ಮನೆಗೆ ಬಂದದ್ದು ಗಂಡು. ಅದರ ಚಿಪ್ಪಿನ ಅಂಚು ಬೆರಳಿನಿಂದ ಒತ್ತಿದರೆ ಬಾಗುತ್ತಿದ್ದಿತು.

ಅಮರಸಿಂಹನು ಕೂರ್ಮ, ಕಮಠ, ಕಚ್ಛಪ ಎಂಬ ಹೆಸರುಗಳನ್ನು ವಾರಿವರ್ಗದಲ್ಲಿ ಸೇರಿಸಿದ್ದಾನೆ. ಕನ್ನಡದಲ್ಲಿಯಾದರೋ ನೆಲದ್ದಕ್ಕೂ ನೀರಿನದಕ್ಕೂ ಆಮೆಯೆಂಬುದೊಂದೇ ಹೆಸರು. ಸಾಕುವವರು ಮೊದಲು ತಿಳಿಯಬೇಕಾದುದು ಈ ಭೇದವನ್ನು. ನೆಲದ ಆಮೆ ಆಳವಾದ ನೀರಿನಲ್ಲಿ ಮುಳುಗಿ ಸಾಯುವುದು. ನೀರಾಮೆಗೆ ಆಳವಿಲ್ಲದಿದ್ದರೆ ಈಜುವ ಸುಖವಿಲ್ಲ, ಅಂಗಾತ ಬಿದ್ದರೆ ತಿರುಗಿಕೊಳ್ಳಲು ಅನುವಿಲ್ಲ. ನಮ್ಮ ನಾಡಿನ ನಕ್ಷತ್ರ ಆಮೆಯನ್ನಂತೂ ಮನೆಯಲ್ಲಿಡಲೇ ಕೂಡದು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ನಿಷೇಧಿಸಿದೆ.

ಚಿಪ್ಪು ಮೆತ್ತಗಾದುದರ ಕಾರಣವನ್ನು ಪಶುವೈದ್ಯರು ತಿಳಿಸಿದರು. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಒಂದು ಬಗೆಯವು ಮೈಮೇಲೆ ಬಿದ್ದಾಗ ಆಮೆಯ ದೇಹದಲ್ಲಿ ಡಿ ಜೀವಸತ್ತ್ವ ಹುಟ್ಟುತ್ತದೆ. ಅದಿಲ್ಲದೆ ತಿಂದ ಆಹಾರದ ಕ್ಯಾಲ್ಸಿಯಂ ಎಲುಬಿಗೆ ಸೇರಲಾರದು. ಗಾಜು ಬೆಳಕನ್ನು ಒಳಕ್ಕೆ ಬಿಡುತ್ತದೆ, ಈ ಕಿರಣಗಳನ್ನು ತಡೆಯುತ್ತದೆ. ಆದಕಾರಣ ಕಿಟಕಿಯ ಗಾಜಿನ ಬಳಿ ಇಟ್ಟ ಆಮೆ ಹಗಲೆಲ್ಲ ಬೆಳಕಿನಲ್ಲಿದ್ದರೂ ಬಿಸಿಲಿಗೆ ಎರವಾಗಿಯೇ ಇರುವುದು. ತೊಟ್ಟಿಯನ್ನೇ ಬಿಸಿಲಿಗೆ ಒಯ್ದಿಟ್ಟರೆ ನೀರು ಕಾದು ಪ್ರಾಣಕ್ಕೇ ಅಪಾಯ.

ಹಳೆಯ ತೊಟ್ಟಿಯನ್ನು ತೆಗೆದುಹಾಕಿ ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ್ದೊಂದನ್ನು ಮಾಡಿಸಿದೆವು. ಚಿಪ್ಪಿನ ಅಂಗುಲವೊಂದಕ್ಕೆ ಸುಮಾರು 40 ಲೀಟರು ನೀರೆಂಬುದು ಸಾಕುವವರಲ್ಲಿ ರೂಢಿಯಾದ ಲೆಕ್ಕ. ನಮ್ಮದು ಐದಂಗುಲದ್ದು, ಒಂದಡಿ ಆಳಕ್ಕೆ ತುಂಬಿದ ನೀರು ಅದಕ್ಕೆ ಸಾಲುತ್ತದೆ. ಒಂದು ಮೂಲೆಯಲ್ಲಿ, ಮೈಯೆಲ್ಲ ಒಣಗುವಂತೆ ನೀರಿನಿಂದ ಮೇಲೆದ್ದಿರುವ ಚಪ್ಪಟೆ ಕಲ್ಲು; ಹತ್ತಲು ಇಳಿಜಾರು. ಮಳೆಗಾಲಕ್ಕೆಂದು ಅದರ ಮೇಲೊಂದು ಕಾವಿನ ದೀಪ, ಆ ಕಿರಣಗಳನ್ನು ಕೊಡುವ ಬೇರೊಂದು ದೀಪ. ನೀರು 25 ಡಿಗ್ರಿಯ ಸುತ್ತಮುತ್ತ, ಕಲ್ಲು 32ರ ಸುತ್ತಮುತ್ತ ಇರುವಂತೆ ಉಷ್ಣಮಾಪಕದಿಂದ ನೋಡಿಕೊಳ್ಳುತ್ತೇನೆ. ಬಿಸಿಲಿರುವ ದಿನಗಳಲ್ಲಿ ಬೆಳಿಗ್ಗೆ ಹಿತ್ತಿಲ ಬಾನಿಗೆ ಅದನ್ನು ಒಯ್ಯುತ್ತೇವೆ; ಬಾನಿಯ ಅರ್ಧಕ್ಕೆ ನೆರಳು, ಮೇಲೆ ಹದ್ದು ಕಾಗೆಗಳ ಭಯಕ್ಕೆ ಬಲೆ.

ನೀರಾಮೆ ನೀರಿನಲ್ಲಿಯೇ ತಿನ್ನುವುದು, ನೀರಿನಲ್ಲಿಯೇ ವಿಸರ್ಜಿಸುವುದು. ಆದುದರಿಂದ ಆಹಾರವನ್ನು ಬೇರೆ ಪಾತ್ರೆಯ ನೀರಿನಲ್ಲಿ ಹಾಕುತ್ತೇವೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಅದು ಮಡಿಯ ಮಾತಲ್ಲ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿರಬಹುದು. ಮಕ್ಕಳಿಗೆ ಅದು ತಗಲಿದ್ದರಿಂದಲೇ ಅಮೆರಿಕದಲ್ಲಿ ನಾಲ್ಕಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು.

ವರ್ಷವೊಂದು ಕಳೆಯುವಷ್ಟರಲ್ಲಿ ಚಿಪ್ಪು ಗಟ್ಟಿಯಾಯಿತು. ಗೀತೆಯ ಎರಡನೆಯ ಅಧ್ಯಾಯದಲ್ಲಿ, ಇಂದ್ರಿಯಗಳನ್ನು ಒಳಕ್ಕೆಳೆದುಕೊಳ್ಳುವ ಸ್ಥಿತಪ್ರಜ್ಞನಿಗೆ ಆಮೆಯೇ ಉಪಮಾನ. ಆ ಶ್ಲೋಕವನ್ನು ಎಷ್ಟೋ ವರ್ಷ ಪಾಠ ಹೇಳಿದೆ. ಆದರೆ ಈ ಪ್ರಾಣಿ ಅಂಗಗಳನ್ನು ಒಳಕ್ಕೆಳೆಯುವುದು ಹೆದರಿದಾಗ. ನೆಮ್ಮದಿಯಾದಾಗ ಬಿಸಿಲಿನಲ್ಲಿ ಕತ್ತು ನೀಡಿ, ಹಿಂಗಾಲುಗಳನ್ನು ಚಾಚಿ, ಬೆರಳುಗಳನ್ನು ಬಿಡಿಸಿಕೊಂಡು ಕಣ್ಣುಮುಚ್ಚಿರುತ್ತದೆ. ಮನೆ ಹಿತವಾಗಿದೆಯೆಂಬುದಕ್ಕೆ ನಾನು ನೋಡುವ ಗುರುತು ಅದೇ.

ಒಮ್ಮೆ ನನ್ನ ಮೊಮ್ಮಗಳು, “ತಾತ, ಇದನ್ನು ಗುಡಿಯ ಕಲ್ಯಾಣಿಯಲ್ಲಿ ಬಿಟ್ಟರೆ ಇನ್ನೂ ಸುಖವಾಗಿರುವುದಿಲ್ಲವೆ?” ಎಂದಳು. ಇದು ಸುಖವಾಗಿದ್ದೀತು, ಅಲ್ಲಿಯ ಆಮೆಗಳು ಇರಲಾರವು. ಬಂದಲ್ಲೆಲ್ಲ ಇದು ಸ್ಥಳದ ಆಮೆಗಳ ಆಹಾರವನ್ನೂ ಬಿಸಿಲುಕಾಯುವ ಕಲ್ಲುಗಳನ್ನೂ ಆಕ್ರಮಿಸುವುದು. ಪರಸ್ಥಳಗಳಲ್ಲಿ ಹರಡಿ ಕೇಡುಮಾಡುವ 100 ಜೀವಿಗಳ ಲೋಕಪ್ರಸಿದ್ಧ ಪಟ್ಟಿಯಲ್ಲಿ ಇದರ ಹೆಸರಿದೆ. ಕರುಣೆಯಿಂದ ಬಿಟ್ಟರೂ ಅದು ಅಪಕಾರವೇ ಎಂದು ಹೇಳಿದೆನು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಇದು ಎಂದೆಂದಿಗೂ ನಮ್ಮದೇ” ಎಂದಳು.

ಆ ಮಾತು ನನ್ನನ್ನು ಲೆಕ್ಕಕ್ಕೆ ಹಚ್ಚಿತು. ಒಳ್ಳೆಯ ಆರೈಕೆಯಲ್ಲಿ ಈ ಆಮೆ 30 ವರ್ಷಗಳಿಗೂ ಮೀರಿ ಬಾಳಬಲ್ಲದು. ನನಗೆ ಈಗ ಅರುವತ್ತಾರು. ಗಾಜೂ ಕಲ್ಲೂ ದೀಪವೂ ದುಡ್ಡಿಗೆ ದೊರೆಯುತ್ತವೆ. ನನ್ನ ಅನಂತರ ಬೆಳಿಗ್ಗೆ ಅದನ್ನು ಬಿಸಿಲಿಗೆ ಒಯ್ಯುವ ಕೈ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಆದ್ದರಿಂದ ಒಂದು ಪುಸ್ತಕದಲ್ಲಿ ನೀರಿನ ಅಳತೆ, ಆಹಾರದ ಕ್ರಮ, ದೀಪ ಬದಲಿಸಬೇಕಾದ ತಿಂಗಳು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಮೊಮ್ಮಗಳು ಭಾನುವಾರಗಳಂದು ತಾನೇ ಅಳೆದು ಅದರಲ್ಲಿ ತುಂಬುತ್ತಾಳೆ. ಅಕ್ಷರ ಇನ್ನೂ ಸೊಟ್ಟ, ಅಂಕಿಗಳು ಸರಿಯಾಗಿವೆ. ಅಂಗಡಿಯ ಪುಟ್ಟ ಆಮೆಗೆ ಮನಸೋತು ನಿಂತ ವಾಚಕರು ಕೊಳ್ಳುವ ಮೊದಲು ತಮ್ಮ ಮನೆಯಲ್ಲಿ ಅಂಥ ಪುಸ್ತಕ ಯಾರ ಕೈಗೆ ಹೋಗುವುದೆಂಬುದನ್ನು ವಿಚಾರಿಸಿಕೊಳ್ಳಬೇಕೆಂದು ನನ್ನ ಬಿನ್ನಹ.